ಸಿಡಿಲೂ ಮನೆಯ ವಿದ್ಯುತ್ ಉಪಕರಣಗಳೂ

ತುಲಾ ಮಾಸ ಕಾಲಿಟ್ಟಿತೆಂದರೆ ನಮ್ಮ ಕಾಸರಗೋಡು ಸೀಮೆಯ ಆಕಾಶದ ರೀತಿಯೇ ಬೇರೆ. ಬೆಳಿಗ್ಗೆ ಚುರುಗುಟ್ಟುವ ಬಿಸಿಲು. ಮಧ್ಯಾಹ್ನ ಕಳೆಯುತ್ತಲೇ ಪೂರ್ವದ ಘಟ್ಟದ ಕಡೆಯಿಂದ ಏರಿಬರುವ ಕಾರ್ಮೋಡ. ಶಾಲೆಯ ಕಡೆಯ ಗಂಟೆ ಬಾರಿಸಿ ಮಕ್ಕಳು ಮನೆಯ ದಾರಿ ಹಿಡಿಯುವಷ್ಟರಲ್ಲಿ ಗುಡುಗು, ಮಿಂಚು. ನಾವು ಚಿಕ್ಕವರಿದ್ದಾಗ ಗುಡುಗು ಕೇಳಿಸಿದೊಡನೆ ಹಿರಿಯರು ನಮ್ಮನ್ನು ಒಳಕೋಣೆಯಲ್ಲಿ ಕುಳ್ಳಿರಿಸಿ ಅರ್ಜುನನ ಹತ್ತು ಹೆಸರುಗಳನ್ನು ಹೇಳಿಸುತ್ತಿದ್ದರು. ಆ ಹೆಸರುಗಳಿಗೆ ಸಿಡಿಲನ್ನು ತಡೆಯುವ ಶಕ್ತಿಯಿದೆಯೋ ಇಲ್ಲವೋ ಎಂಬ ಚರ್ಚೆ ಇಲ್ಲಿ ಬೇಡ. ಹೆಸರು ಹೇಳುವಷ್ಟು ಹೊತ್ತು ಮಕ್ಕಳು ಅಂಗಳಕ್ಕಿಳಿಯದೆ, ಕಿಟಕಿಯ ಸರಳು ಹಿಡಿಯದೆ, ಮನೆಯ ನಡುವೆ ಶಾಂತವಾಗಿ ಕುಳಿತಿರುತ್ತಿದ್ದರೆಂಬುದು ಮಾತ್ರ ನಿಶ್ಚಯ. ಅದೇ ಒಂದು ದೊಡ್ಡ ರಕ್ಷೆಯಾಗಿತ್ತು.

ಆ ಕಾಲದ ನಮ್ಮ ಮನೆಯಲ್ಲಿ ವಿದ್ಯುತ್ತಿನ ಸಾಮಗ್ರಿಯೆಂದರೆ ನಾಲ್ಕು ದೀಪ, ಒಂದು ರೇಡಿಯೋ. ಸಿಡಿಲಿಗೆ ಸುಡಬಹುದಾದ ಸೊತ್ತೇ ಕಡಮೆ. ಇಂದು ಬೋವಿಕಾನದ ಸುತ್ತಿನ ಸಾಮಾನ್ಯ ಕೃಷಿಕನ ಮನೆಯನ್ನು ನೋಡಿದರೂ ಟಿ.ವಿ., ಶೀತಕ, ಬಟ್ಟೆ ಒಗೆಯುವ ಯಂತ್ರ, ಇನ್ವರ್ಟರು, ಇಂಟರ್‌ನೆಟ್ಟಿನ ಮೋಡೆಮ್ಮು, ತೋಟದ ಪಂಪು, ಮಕ್ಕಳ ಓದಿಗೆ ಲ್ಯಾಪ್‌ಟಾಪು ಇವೆಲ್ಲ ಇವೆ. 2020ರ ಜೂನ್ ತಿಂಗಳಲ್ಲಿ ಶಾಲೆಗಳು ಮುಚ್ಚಿದ್ದಾಗ ಟಿ.ವಿ.ಯೇ ತರಗತಿಯಾಯಿತು, ಅದು ಕೆಟ್ಟ ಮನೆಯ ಮಗುವಿಗೆ ಪಾಠವೇ ನಿಂತಿತು. ಆದಕಾರಣ ಈ ಉಪಕರಣಗಳನ್ನು ಕಾಪಾಡುವ ವಿಷಯವು ಈಗ ಕೇವಲ ಅಂಗಡಿಯವರ ಹಾಗೂ ರಿಪೇರಿಯವರ ವಿಷಯವಲ್ಲ. ಗೃಹಸ್ಥರೆಲ್ಲರೂ ವಿದ್ಯಾರ್ಥಿಗಳೆಲ್ಲರೂ ತಿಳಿದಿರಬೇಕಾದ ಪಾಠ.

ಒಂದು ಸಂಜೆಯ ಅನುಭವ

2021ರ ತುಲಾ ಮಾಸದ ಒಂದು ಸಂಜೆ. ನಾನು ಶಾಲೆಯಿಂದ ಬಂದು ಜಗಲಿಯಲ್ಲಿ ಕುಳಿತಿದ್ದೆ. ದೂರದಲ್ಲಿ ಗುಡುಗು ಕೇಳಿಸುತ್ತಿತ್ತು. ಟಿ.ವಿ.ಯ ಸ್ವಿಚ್ಚನ್ನು ಮೊದಲೇ ಆರಿಸಿದ್ದೆನಾದುದರಿಂದ ನಿಶ್ಚಿಂತನಾಗಿದ್ದೆ. ಅಷ್ಟರಲ್ಲಿ ಮಿಂಚು ಗುಡುಗುಗಳ ನಡುವಿನ ಅಂತರ ಕಿರಿದಾಗುತ್ತ ಬಂತು. ನನಗೇನೋ ಅನುಮಾನ ತೋರಿ, ಪ್ಲಗ್ಗನ್ನೂ ಕಿತ್ತುಬಿಡೋಣವೆಂದು ಎದ್ದು ಹೋಗಿ ಕೈ ಚಾಚಿದೆ. ಹಿಂದಿನಿಂದ ಅಮ್ಮ, “ಬಿಡು ಮಗಾ! ಸುಟ್ಟರೆ ಸುಡಲಿ, ಅದಕ್ಕೆ ಕೈ ಹಾಕಬೇಡ!” ಎಂದು ಗದರಿದರು. ನಾನು ತಿರುಗಿ ನೋಡಿದ ಆ ಕ್ಷಣದಲ್ಲಿಯೇ ಸಿಡಿಲೆರಗಿತು. ಪ್ಲಗ್ಗಿನ ಬಳಿ ನೀಲಿ ಕಿಡಿ ಹಾರಿತು. ನನ್ನ ಕೈಗೂ ಅದಕ್ಕೂ ಇದ್ದ ಅಂತರ ಒಂದು ಗೇಣು ಮಾತ್ರ.

ಟಿ.ವಿ.ಯೂ ಮೋಡೆಮ್ಮೂ ಸುಟ್ಟಿದ್ದವು. ಅದಕ್ಕಾಗಿ ನಾನು ದುಃಖಿಸಲಿಲ್ಲ. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿರುವವನು ಇಷ್ಟು ಸರಳವಾದ ವಿಚಾರವನ್ನು ತಿಳಿಯದೆ ಹೋದೆನಲ್ಲ ಎಂಬ ನಾಚಿಕೆಯೇ ಹೆಚ್ಚಾಯಿತು. ಮರುದಿನ ಏಳನೆಯ ತರಗತಿಯಲ್ಲಿ ಈ ಸಂಗತಿಯನ್ನು ಹೇಳಿದಾಗ ಒಬ್ಬ ಹುಡುಗಿ ಎದ್ದುನಿಂತು, “ಮಾಷ್ಟ್ರೇ, ಸ್ವಿಚ್ಚು ಆಫ್ ಮಾಡಿದ್ದೀರಲ್ಲ, ಮತ್ತೆ ಹೇಗೆ ಸುಟ್ಟಿತು?” ಎಂದು ಕೇಳಿದಳು. ನಾನು ಬಿ.ಎ. ಓದಿದವನು; ವಿಜ್ಞಾನದ ಪದವೀಧರನಲ್ಲ. ಆ ದಿನ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ತಿಳಿದವರನ್ನು ಕೇಳಿ, ಪುಸ್ತಕಗಳನ್ನು ನೋಡಿ ಕಲಿತುದನ್ನು ಈ ಲೇಖನದಲ್ಲಿ ಕ್ರಮವಾಗಿ ಹೇಳಲು ಯತ್ನಿಸಿದ್ದೇನೆ.

ವಿದ್ಯುತ್ತಿನ ನೆರೆ

ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡ ಸುಮಾರು 230 ವೋಲ್ಟು. ಇದನ್ನು ಪಯಸ್ವಿನಿಯ ನಿತ್ಯದ ಹರಿವಿಗೆ ಹೋಲಿಸಬಹುದು. ದಡದೊಳಗೆ ಹರಿಯುವ ನೀರು ತೋಟಕ್ಕೆ ಜೀವನ. ಅದೇ ನೀರು ದಡ ಮೀರಿದರೆ ತೋಟಕ್ಕೆ ನಾಶ. ತಂತಿಯಲ್ಲಿ ಒತ್ತಡವು ಹಠಾತ್ತಾಗಿ ಮೇಲೇರುವುದನ್ನು ಇಂಜಿನಿಯರರು ಸರ್ಜ್ ಎನ್ನುತ್ತಾರೆ. ನಾವು ಅದನ್ನು ವಿದ್ಯುತ್ತಿನ ನೆರೆ ಎನ್ನೋಣ.

ಈ ನೆರೆಗೆ ಮುಖ್ಯವಾಗಿ ಮೂರು ಕಾರಣಗಳಿವೆ. ಮೊದಲನೆಯದು ಸಿಡಿಲು. ಎರಡನೆಯದು ನ್ಯೂಟ್ರಲ್ ತಂತಿ ತುಂಡಾಗುವುದು. ಮೂರನೆಯದು ಪಂಪು ಮುಂತಾದ ದೊಡ್ಡ ಯಂತ್ರಗಳು ನಿಲ್ಲುವಾಗಲೂ, ಹೋದ ಕರೆಂಟು ಮರಳಿ ಬರುವಾಗಲೂ ಉಂಟಾಗುವ ಏರಿಳಿತ. ತೋಟದಲ್ಲಿ ಪೈಪಿನ ವಾಲ್ವನ್ನು ತಟ್ಟನೆ ಮುಚ್ಚಿದರೆ ಪೈಪು ಧಡಕ್ಕೆಂದು ಅದುರುವುದನ್ನು ಕೃಷಿಕರೆಲ್ಲರೂ ಕಂಡಿದ್ದಾರೆ. ಹರಿಯುತ್ತಿರುವುದನ್ನು ಹಠಾತ್ತಾಗಿ ತಡೆದರೆ ಒತ್ತಡ ಏರುತ್ತದೆ. ವಿದ್ಯುತ್ತಿಗೂ ಅದೇ ನಿಯಮ. ಈ ಮೂರನೆಯ ಬಗೆಯ ನೆರೆ ಚಿಕ್ಕದು. ಒಮ್ಮೆಲೇ ಸುಡದಿದ್ದರೂ ಉಪಕರಣದ ಆಯುಸ್ಸನ್ನು ದಿನೇ ದಿನೇ ಕೊರೆಯುತ್ತದೆ.

ಹಿಂದಿನ ತಂತಿಯ ಬಲ್ಬು ಅಲ್ಪ ಸ್ವಲ್ಪ ಏರಿಳಿತವನ್ನು ಸಹಿಸುತ್ತಿತ್ತು. ಇಂದಿನ ಉಪಕರಣಗಳ ಒಳಗಿರುವ ಸೂಕ್ಷ್ಮ ಬಿಲ್ಲೆಗಳು ನಡೆಯುವುದು ಮೂರು ಅಥವಾ ಐದು ವೋಲ್ಟಿನ ಒತ್ತಡದಲ್ಲಿ. ಎಲ್.ಇ.ಡಿ. ದೀಪದೊಳಗೂ ಅಂಥ ಸೂಕ್ಷ್ಮ ಭಾಗಗಳಿವೆ. ಸೌಕರ್ಯ ಹೆಚ್ಚಿದಷ್ಟೂ ಸೌಕುಮಾರ್ಯವೂ ಹೆಚ್ಚಿತು.

ಸಿಡಿಲಿನ ಸ್ವರೂಪ

ಮಿಂಚು ವಿದ್ಯುತ್ತೇ ಎಂಬುದನ್ನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನು 1752ರ ಸುಮಾರಿಗೆ ಪ್ರತಿಪಾದಿಸಿ ಕಟ್ಟಡಗಳ ಮೇಲೆ ಲೋಹದ ಸಲಾಕೆಯನ್ನು ನಿಲ್ಲಿಸುವ ಉಪಾಯವನ್ನು ಪ್ರಚಾರಕ್ಕೆ ತಂದನು. ಒಂದು ಸಾಮಾನ್ಯ ಸಿಡಿಲಿನಲ್ಲಿ ಹರಿಯುವ ವಿದ್ಯುತ್ತು ಸುಮಾರು 30,000 ಆಂಪಿಯರು. ನಮ್ಮ ಮನೆಯ ಬಟ್ಟೆ ಇಸ್ತ್ರಿಪೆಟ್ಟಿಗೆಗೆ ಬೇಕಾದುದು ನಾಲ್ಕೈದು ಆಂಪಿಯರು ಮಾತ್ರ. ಮಿಂಚಿನ ದಾರಿಯ ಗಾಳಿಯ ಉಷ್ಣತೆ ಸುಮಾರು 30,000 ಡಿಗ್ರಿಗೆ ಏರುತ್ತದೆ. ಅದು ಸೂರ್ಯನ ಹೊರಮೈಯ ಉಷ್ಣತೆಯ ಐದರಷ್ಟು. ಹೀಗೆ ಕಾದ ಗಾಳಿ ಸ್ಫೋಟಿಸಿ ಹಿಗ್ಗುವ ಶಬ್ದವೇ ಗುಡುಗು.

ಸಿಡಿಲು ನಮ್ಮ ಮನೆಗೇ ಹೊಡೆಯಬೇಕೆಂದಿಲ್ಲ. ನೂರಾರು ಮೀಟರು ದೂರದ ತೆಂಗಿನ ಮರಕ್ಕೆ ಎರಗಿದರೂ ಸಮೀಪದ ವಿದ್ಯುತ್ ತಂತಿಗಳಲ್ಲಿ ಸಾವಿರಾರು ವೋಲ್ಟುಗಳ ಅಲೆಯೆದ್ದು ಸಾಲಾಗಿ ಎಲ್ಲ ಮನೆಗಳಿಗೂ ನುಗ್ಗುತ್ತದೆ. ಕಂಬದಿಂದ ಕಂಬಕ್ಕೆ, ಗುಡ್ಡದಿಂದ ಕಣಿವೆಗೆ ಉದ್ದುದ್ದವಾಗಿ ಹಾದುಹೋಗುವ ತೆರೆದ ತಂತಿಗಳು ನಮ್ಮ ಹಳ್ಳಿಗಳಲ್ಲಿ ಹೆಚ್ಚು. ಆದುದರಿಂದ ಪೇಟೆಗಿಂತ ಇಲ್ಲಿ ಭಯವೂ ಹೆಚ್ಚು.

ಕೇರಳದಲ್ಲಿ ಸಿಡಿಲಿನ ಕಾಲ ಎರಡು: ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳು ಒಂದು, ತುಲಾ ವರ್ಷದ ಅಕ್ಟೋಬರ್, ನವಂಬರ್ ತಿಂಗಳುಗಳು ಇನ್ನೊಂದು. ಅದರಲ್ಲಿಯೂ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರ ವರೆಗಿನ ಹೊತ್ತು ವಿಶೇಷ ಅಪಾಯಕರವೆಂದು ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರವು ಎಚ್ಚರಿಸುತ್ತದೆ. ಭಾರತದಲ್ಲಿ ಪ್ರತಿ ವರ್ಷ ಎರಡು ಸಾವಿರಕ್ಕೂ ಮಿಕ್ಕಿ ಜನ ಸಿಡಿಲಿಗೆ ಬಲಿಯಾಗುತ್ತಿದ್ದಾರೆ.

ಹುಡುಗಿಯ ಪ್ರಶ್ನೆಗೆ ಉತ್ತರ

ಈಗ ಮೂಲ ಪ್ರಶ್ನೆಗೆ ಬರೋಣ. ಸ್ವಿಚ್ಚು ಆರಿಸಿದ್ದರೂ ಟಿ.ವಿ. ಸುಟ್ಟುದೇಕೆ? ಇದಕ್ಕೆ ಮೂರು ಉತ್ತರಗಳಿವೆ.

ಒಂದು: ಸ್ವಿಚ್ಚಿನ ಒಳಗೆ ಲೋಹದ ಎರಡು ತುದಿಗಳ ನಡುವೆ ಉಂಟಾಗುವ ಅಂತರ ಕೆಲವೇ ಮಿಲಿಮೀಟರು. ಒಣ ಗಾಳಿಯ ಒಂದು ಮಿಲಿಮೀಟರು ಅಂತರವನ್ನು ಹಾರಲು ಸುಮಾರು 3,000 ವೋಲ್ಟು ಸಾಕು. ಮುಗಿಲಿನಿಂದ ನೆಲಕ್ಕೆ ಗಾಳಿಯನ್ನು ಸೀಳಿ ಬಂದ ಸಿಡಿಲಿಗೆ ಸ್ವಿಚ್ಚಿನ ಈ ಕಿರಿದಾದ ಕಂದಕ ಯಾವ ಲೆಕ್ಕ? ಪ್ಲಗ್ಗನ್ನು ಕಿತ್ತು ದೂರ ಇಟ್ಟರೆ ಅಂತರ ಒಂದಡಿಯಾಗುತ್ತದೆ. ಅದು ನಿಜವಾದ ಕಂದಕ.

ಎರಡು: ಸಾಮಾನ್ಯ ಸ್ವಿಚ್ಚು ಫೇಸ್ ತಂತಿಯೊಂದನ್ನೇ ಕಡಿಯುತ್ತದೆ. ನ್ಯೂಟ್ರಲ್ ತಂತಿಯೂ ಭೂಸಂಪರ್ಕದ ತಂತಿಯೂ ಉಪಕರಣಕ್ಕೆ ಅಂಟಿಕೊಂಡೇ ಇರುತ್ತವೆ. ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ ಇದು.

ಮೂರು: ನಾನು ಮರೆತಿದ್ದ ಇನ್ನೊಂದು ದಾರಿಯಿತ್ತು. ಟಿ.ವಿ.ಗೆ ಚಿತ್ರ ತರುವ ಕೇಬಲ್ಲು ಹೊರಗಿನ ಕಂಬದಿಂದ ನೇರವಾಗಿ ಟಿ.ವಿ.ಯ ಬೆನ್ನಿಗೆ ಸೇರಿತ್ತು. ಮಾಡಿನ ಮೇಲಿನ ಡಿಶ್ಶು, ತಾಮ್ರದ ಟೆಲಿಫೋನು ತಂತಿ, ತೋಟದ ಪಂಪಿಗೆ ಹೋಗುವ ತಂತಿ, ಮಾಡಿನ ಸೌರಫಲಕದಿಂದ ಇಳಿಯುವ ತಂತಿ ಇವೆಲ್ಲವೂ ನೆರೆ ಬರುವ ತೋಡುಗಳೇ. ಎಲ್ಲ ದಾರಿಗಳನ್ನೂ ಕಡಿದ ಹೊರತು ಒಂದನ್ನು ಕಡಿದು ಫಲವಿಲ್ಲ.

ಕಾವಲುಗಾರರು ಯಾರು, ಯಾವ ಕೆಲಸಕ್ಕೆ?

“ನಮ್ಮ ಮನೆಯಲ್ಲಿ ಎಂ.ಸಿ.ಬಿ. ಇದೆ, ಸ್ಟೆಬಿಲೈಸರ್ ಇದೆ, ಭಯವಿಲ್ಲ” ಎನ್ನುವವರು ಹಲವರು. ಪ್ರತಿಯೊಬ್ಬ ಕಾವಲುಗಾರನಿಗೂ ಅವನವನ ಕೆಲಸವಿದೆ. ಒಬ್ಬನ ಕೆಲಸವನ್ನು ಇನ್ನೊಬ್ಬನು ಮಾಡಲಾರನು.

ಫ್ಯೂಸು ಮತ್ತು ಎಂ.ಸಿ.ಬಿ.: ತಂತಿಯಲ್ಲಿ ಮಿತಿಮೀರಿ ವಿದ್ಯುತ್ತು ಹರಿದಾಗ ಇವು ಅದನ್ನು ಕಡಿಯುತ್ತವೆ. ತಂತಿ ಕಾದು ಮನೆಗೆ ಬೆಂಕಿ ಹಿಡಿಯದಂತೆ ಕಾಯುವುದು ಇವುಗಳ ಕೆಲಸ. ಆದರೆ ಎಂ.ಸಿ.ಬಿ. ಎಷ್ಟೇ ಚುರುಕಾಗಿದ್ದರೂ ಬೀಳಲು ಒಂದು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಹೊತ್ತು ಬೇಕು. ಸಿಡಿಲಿನ ಅಲೆಯು ಸೆಕೆಂಡಿನ ಹತ್ತು ಲಕ್ಷದ ಒಂದೆರಡು ಭಾಗಗಳಲ್ಲಿ ಏರಿ, ತನ್ನ ಕೆಲಸ ಮುಗಿಸಿ ಹೋಗಿರುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ!

ಆರ್.ಸಿ.ಸಿ.ಬಿ.: ನಮ್ಮಲ್ಲಿ ಇ.ಎಲ್.ಸಿ.ಬಿ. ಎಂದೇ ಇದಕ್ಕೆ ರೂಢಿಯ ಹೆಸರು. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಬಂದರೆ ಇದು ಬೀಳುತ್ತದೆ. ಯಾರಾದರೂ ಕರೆಂಟಿನ ತಂತಿ ಮುಟ್ಟಿದಾಗ ಪ್ರಾಣ ಉಳಿಸುವುದು ಇದೇ. ಇದು ಮನುಷ್ಯರ ಕಾವಲುಗಾರ, ಟಿ.ವಿ.ಯದ್ದಲ್ಲ. ಇದರ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಅದು ಬೀಳುತ್ತದೆಯೇ ಎಂದು ನೋಡಬೇಕು. ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆಂದು ಬೇಸತ್ತು ಅದನ್ನು ತೆಗೆಸುವವರಿದ್ದಾರೆ. ಅದು ನಾಯಿ ಬೊಗಳುತ್ತದೆಂದು ನಾಯಿಯನ್ನೇ ಓಡಿಸಿದ ಹಾಗೆ. ಬೊಗಳಲು ಕಾರಣವೇನೆಂದು ಹುಡುಕಿಸುವುದು ಜಾಣತನ.

ಸ್ಟೆಬಿಲೈಸರ್: ಒತ್ತಡವು ನಿಧಾನವಾಗಿ ಏರಿಳಿಯುವಾಗ ಅದನ್ನು ಸಮಗೊಳಿಸುತ್ತದೆ. ಒಳ್ಳೆಯವುಗಳಲ್ಲಿ, ಒತ್ತಡ ಮಿತಿ ಮೀರಿದರೆ ಕಡಿಯುವ ಏರ್ಪಾಡೂ, ಕರೆಂಟು ಮರಳಿದ ಮೇಲೆ ಕೆಲವು ನಿಮಿಷ ತಡೆದು ಕೊಡುವ ಏರ್ಪಾಡೂ ಇರುತ್ತದೆ. ಶೀತಕಕ್ಕೆ ಈ ವಿಳಂಬ ಬಹಳ ಹಿತಕರ. ಸಿಡಿಲಿನ ವೇಗಕ್ಕೆ ಮಾತ್ರ ಇದೂ ಸಾಲದು.

ಸರ್ಜ್ ರಕ್ಷಕ: ನೆರೆಗಾಗಿಯೇ ಇರುವ ಕಾವಲುಗಾರನಿವನು. ಎಸ್.ಪಿ.ಡಿ. ಎಂದು ಇದರ ಹೆಸರು. ಇದರೊಳಗೆ ಸಾಮಾನ್ಯವಾಗಿ ಸತುವಿನ ಆಕ್ಸೈಡಿನಿಂದ ಮಾಡಿದ ಬಿಲ್ಲೆಯಿರುತ್ತದೆ. 230 ವೋಲ್ಟು ಇರುವ ತನಕ ಅದು ಗೋಡೆಯಂತೆ ಸುಮ್ಮನಿರುತ್ತದೆ. ಒತ್ತಡ ಮಿತಿ ಮೀರಿತೋ, ಕ್ಷಣಾರ್ಧದಲ್ಲಿ ತೂಬು ತೆರೆದಂತೆ ದಾರಿ ಕೊಟ್ಟು ನೆರೆಯನ್ನು ಭೂಮಿಗೆ ಹರಿಯಬಿಡುತ್ತದೆ. ನೆರೆ ಇಳಿದೊಡನೆ ತಾನೇ ಮುಚ್ಚಿಕೊಳ್ಳುತ್ತದೆ. ಮೀಟರಿನ ಬಳಿಯ ಮುಖ್ಯ ಹಲಗೆಯಲ್ಲಿ ಎರಡನೆಯ ವರ್ಗದ್ದೊಂದನ್ನು ಕೂಡಿಸುವುದು ಸಾಮಾನ್ಯ ಮನೆಗಳಿಗೆ ಯುಕ್ತ. ಮಾಡಿನ ಮೇಲೆ ಸಿಡಿಲಿನ ಸಲಾಕೆಯಿರುವ ಮನೆಗೆ ಮೊದಲನೆಯ ವರ್ಗದ್ದು ಬೇಕು. ಇದಕ್ಕೆ ಜೋಡಿಸುವ ತಂತಿಗಳು ಗಿಡ್ಡವಾಗಿರಬೇಕು. ಒಟ್ಟು ಅರ್ಧ ಮೀಟರು ಮೀರದಿದ್ದರೆ ಲೇಸು. ಸಿಡಿಲಿನ ವೇಗದ ಅಲೆಗೆ ಒಂದು ಮೀಟರು ತಂತಿಯೂ ಸಾವಿರ ವೋಲ್ಟಿನಷ್ಟು ತಡೆಯಾಗಬಲ್ಲುದು. ಇದರ ಮೇಲೊಂದು ಪುಟ್ಟ ಕಿಟಕಿಯಿರುತ್ತದೆ. ಹಸುರು ಕಂಡರೆ ಕಾವಲುಗಾರ ಬದುಕಿದ್ದಾನೆ. ಕೆಂಪು ಕಂಡರೆ ನಿಮಗಾಗಿ ಪ್ರಾಣ ಬಿಟ್ಟಿದ್ದಾನೆ, ಹೊಸಬನನ್ನು ನೇಮಿಸಬೇಕು.

ಅಂಗಡಿಯಲ್ಲಿ ಸ್ಪೈಕ್ ಗಾರ್ಡು ಎಂದು ಮಾರುವ ಉದ್ದನೆಯ ಹಲಗೆಗಳಲ್ಲಿ ಕೆಲವು ಒಂದು ಸ್ವಿಚ್ಚು, ಒಂದು ಕೆಂಪು ದೀಪವಲ್ಲದೆ ಬೇರೇನನ್ನೂ ಹೊಂದಿರುವುದಿಲ್ಲ. ಎಷ್ಟು ಜೂಲಿನ ನೆರೆಯನ್ನು ತಾಳಬಲ್ಲುದೆಂದು ಅದರ ಮೇಲೆ ಬರೆದಿದೆಯೇ ಎಂದು ಓದಿ ಕೊಳ್ಳಬೇಕು.

ಮಾಡಿನ ಮೇಲಿನ ಸಲಾಕೆ: ಫ್ರಾಂಕ್ಲಿನ್ನನ ಈ ಸಲಾಕೆ ಕಟ್ಟಡವನ್ನು ಕಾಯುತ್ತದೆ. ಒಳಗಿನ ಉಪಕರಣವನ್ನು ಕಾಯುವುದಿಲ್ಲ. ಸಲಾಕೆಯಿದೆಯೆಂದು ಟಿ.ವಿ.ಯ ಪ್ಲಗ್ಗನ್ನು ಸಿಕ್ಕಿಸಿಯೇ ಬಿಡುವುದು ಭ್ರಮೆ.

ಮುರಕಲ್ಲಿನ ನೆಲವೂ ಭೂಸಂಪರ್ಕವೂ

ನೆರೆಯನ್ನು ಭೂಮಿಗೆ ಹರಿಯಬಿಡುವುದೆಂದೆವಷ್ಟೆ. ಭೂಮಿಯು ಅದನ್ನು ಸ್ವೀಕರಿಸಬೇಕು. ಇಲ್ಲಿಯೇ ನಮ್ಮ ಊರಿನ ವಿಶೇಷ ಸಮಸ್ಯೆ. ಗದ್ದೆಯ ಬದಿಯ ತೇವದ ಮಣ್ಣು ವಿದ್ಯುತ್ತನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಆದರೆ ನಮ್ಮ ಮನೆಗಳಲ್ಲಿ ಬಹುಪಾಲು ಇರುವುದು ಮುರಕಲ್ಲಿನ ಗುಡ್ಡದಲ್ಲಿ. ಬೇಸಗೆಯಲ್ಲಿ ಆ ನೆಲ ಒಣಗಿ ಹೆಂಚಿನಂತಾಗುತ್ತದೆ; ಒಣನೆಲವು ವಿದ್ಯುತ್ತಿಗೆ ದಾರಿ ಕೊಡದು. ಏಪ್ರಿಲ್, ಮೇ ತಿಂಗಳುಗಳ ಮೊದಲ ಸಿಡಿಲು ಬರುವುದೂ ಸರಿಯಾಗಿ ಆಗಲೇ. ಬಾಯಾರಿದ ನೆಲದಲ್ಲಿ ಭೂಸಂಪರ್ಕವು ನಿದ್ರಿಸುತ್ತಿರುವಾಗ ಶತ್ರು ಮನೆಬಾಗಿಲಿಗೆ ಬಂದಿರುತ್ತಾನೆ.

ಆದಕಾರಣ ಮನೆ ಕಟ್ಟಿಸುವವರು ಈ ಕೆಲಸವನ್ನು ತಮ್ಮ ಕಣ್ಣೆದುರಿನಲ್ಲಿಯೇ ಮಾಡಿಸಬೇಕು. ಭೂಸಂಪರ್ಕದ ಪೈಪು ಎರಡೂವರೆ ಮೀಟರಿಗೆ ಕಡಮೆಯಿಲ್ಲದೆ ನೆಲದೊಳಗೆ ಇಳಿಯಬೇಕು. ಕಲ್ಲು ಸಿಕ್ಕಿತೆಂದು ಮೂರಡಿಗೇ ಕಡಿದು ಮುಚ್ಚಿದರೆ ಅದು ಶಾಸ್ತ್ರಕ್ಕೆ ಮಾತ್ರ. ಒಂದು ಪೈಪು ಸಾಲದಿದ್ದರೆ ದೂರ ದೂರಕ್ಕೆ ಎರಡು ಮೂರು ಹಾಕಿ ಕೂಡಿಸಬಹುದು. ಬಚ್ಚಲಿನ ಅಥವಾ ಪಾತ್ರೆ ತೊಳೆಯುವ ನೀರು ಹರಿಯುವ ತಾವನ್ನು ಆರಿಸುವುದು ಉತ್ತಮ. ಬೇಸಗೆಯಲ್ಲಿ ತುಳಸಿಗೆ ನೀರೆರೆಯುವಾಗ ಭೂಸಂಪರ್ಕದ ಗುಂಡಿಗೂ ಎರಡು ಕೊಡ ಸುರಿದರೆ ನಷ್ಟವಿಲ್ಲ. ವರ್ಷಕ್ಕೊಮ್ಮೆ ಪರವಾನಗಿಯುಳ್ಳ ಕೆಲಸಗಾರನಿಂದ ಅದರ ರೋಧವನ್ನು ಅಳೆಯಿಸಬೇಕು. ಟಿ.ವಿ.ಗೊಂದು, ಇನ್ವರ್ಟರಿಗೊಂದು ಎಂದು ಬೇರೆ ಬೇರೆ ಭೂಸಂಪರ್ಕ ಹಾಕಿ ಒಂದಕ್ಕೊಂದು ಸೇರಿಸದೆ ಬಿಡುವುದು ತಪ್ಪು. ಸಿಡಿಲಿನ ಹೊತ್ತಿನಲ್ಲಿ ಅವೆರಡರ ನಡುವೆಯೇ ಒತ್ತಡದ ವ್ಯತ್ಯಾಸವುಂಟಾಗಿ ಅನರ್ಥವಾಗುತ್ತದೆ. ಎಲ್ಲವನ್ನೂ ಕೂಡಿಸಿ ಕಟ್ಟಬೇಕು.

ಸಿಡಿಲಿಲ್ಲದೆ ಬರುವ ನೆರೆ

ಗಾಳಿಮಳೆಯಲ್ಲಿ ತೆಂಗಿನ ಮಡಲು ಬಿದ್ದು ನ್ಯೂಟ್ರಲ್ ತಂತಿ ತುಂಡಾಯಿತೆನ್ನೋಣ. ಮೂರು ಫೇಸುಗಳಲ್ಲಿ ಎರಡರ ನಡುವಿನ ಒತ್ತಡ ಸುಮಾರು 400 ವೋಲ್ಟು. ನ್ಯೂಟ್ರಲ್ ಇರುವ ತನಕ ಪ್ರತಿ ಮನೆಗೂ 230 ವೋಲ್ಟೇ ಸಿಗುತ್ತದೆ. ಅದು ಹೋದರೆ ನಿಮ್ಮ ಮನೆಯೂ ನೆರೆಮನೆಯೂ ಸರದಲ್ಲಿ ಪೋಣಿಸಿದಂತಾಗಿ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ವಿಚಿತ್ರವೇನೆಂದರೆ, ಹೆಚ್ಚು ಉಪಯೋಗಿಸುತ್ತಿರುವ ಮನೆಗೆ ಕಡಮೆ ಒತ್ತಡ; ಒಂದೇ ದೀಪ, ಒಂದೇ ಟಿ.ವಿ. ಇರುವ ಬಡವನ ಮನೆಗೆ ಹೆಚ್ಚಿನ ಒತ್ತಡ! ಸುಡುವುದೂ ಅವನ ಟಿ.ವಿ.ಯೇ.

ಇದರ ಲಕ್ಷಣವನ್ನು ಮಕ್ಕಳೂ ಗುರುತಿಸಬಹುದು. ದೀಪಗಳು ಇದ್ದಕ್ಕಿದ್ದಂತೆ ಅತಿಯಾಗಿ ಬೆಳಗಿದರೆ, ಅಥವಾ ಮಂಕಾಗಿ ಮತ್ತೆ ಪ್ರಖರವಾದರೆ, ಒಡನೆ ಮುಖ್ಯ ಸ್ವಿಚ್ಚನ್ನು ಆರಿಸಿ 1912ಕ್ಕೆ ದೂರವಾಣಿ ಮಾಡಬೇಕು. ಇಲ್ಲಿ ಸರ್ಜ್ ರಕ್ಷಕವು ನಿರುಪಾಯ. ಕ್ಷಣದ ನೆರೆಗಾಗಿ ಮಾಡಿದ ಅದು ನಿಮಿಷಗಟ್ಟಲೆ ನಿಂತ ನೆರೆಗೆ ತಾನೇ ಸುಡುತ್ತದೆ. ಒತ್ತಡ ಮಿತಿ ಮೀರಿದರೆ ಕಡಿಯುವ ಬೇರೆ ಉಪಕರಣ ದೊರೆಯುತ್ತದೆ; ಮುಖ್ಯ ಹಲಗೆಯಲ್ಲಿ ಅದನ್ನೂ ಕೂಡಿಸುವುದು ವಿವೇಕ. ತುಂಡಾಗಿ ಬಿದ್ದ ತಂತಿಯ ಬಳಿಗೆ ಮಾತ್ರ ಯಾರೂ ಹೋಗಬಾರದು.

ನೆನಪಿನಲ್ಲಿಡಬೇಕಾದ ನಿಯಮಗಳು

1. ಮೋಡ ಕವಿಯುವಾಗಲೇ, ಗುಡುಗು ಕೇಳಿಸುವ ಮುನ್ನವೇ, ಪ್ಲಗ್ಗುಗಳನ್ನೂ ಟಿ.ವಿ., ಮೋಡೆಮ್ಮುಗಳ ಕೇಬಲ್ಲುಗಳನ್ನೂ ಕಿತ್ತು ದೂರವಿಡಿರಿ.

2. ಗುಡುಗು ಕೇಳಿಸತೊಡಗಿದ ಮೇಲೆ ಯಾವುದನ್ನೂ ಮುಟ್ಟಬೇಡಿರಿ. ಮರೆತಿದ್ದರೆ ಮರೆತದ್ದೇ ಸರಿ, ಸುಟ್ಟರೆ ಸುಡಲಿ.

3. ಚಾರ್ಜಿಗೆ ಇಟ್ಟ ಮೊಬೈಲಿನಲ್ಲಿ ಮಾತನಾಡಬೇಡಿರಿ. ಮೊಬೈಲು ಸಿಡಿಲನ್ನು ಕರೆಯುವುದಿಲ್ಲ. ಗೋಡೆಯ ತಂತಿಗೆ ಸೇರಿದಾಗ ಮಾತ್ರ ಅದು ಅಪಾಯದ ಬಾಲವಾಗುತ್ತದೆ.

4. ಆ ಹೊತ್ತಿನಲ್ಲಿ ಸ್ನಾನ ಬೇಡ, ನಲ್ಲಿ ಮುಟ್ಟುವುದು ಬೇಡ, ತೋಟದ ಪಂಪಿನ ಬಳಿಗೆ ಹೋಗುವುದು ಬೇಡ. ಮರದಡಿ ನಿಲ್ಲಬಾರದು, ತೆರೆದ ಬಯಲಿನಲ್ಲಿಯೂ ನಿಲ್ಲಬಾರದು.

5. ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿರಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರು. ಎಣಿಕೆ ಮೂವತ್ತಕ್ಕಿಂತ ಕಡಮೆಯಾದರೆ ಒಳಗೆ ಇರಲೇಬೇಕು; ಕಡೆಯ ಗುಡುಗಿನ ಅನಂತರ ಅರ್ಧ ಗಂಟೆ ಕಾಯಬೇಕು.

6. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಅವರನ್ನು ಮುಟ್ಟಲು ಅಂಜಬೇಕಾಗಿಲ್ಲ. ಉಸಿರು ನಿಂತಿದ್ದರೆ ಒಡನೆ ಎದೆಯೊತ್ತಿ ಪ್ರಥಮ ಚಿಕಿತ್ಸೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಸಿದ್ಧಪಡಿಸಿದ ‘ದಾಮಿನಿ’ ಎಂಬ ಮೊಬೈಲ್ ಸಾಧನವು ಸಮೀಪದ ಸಿಡಿಲಿನ ಮುನ್ಸೂಚನೆಯನ್ನು ಕೊಡುತ್ತದೆ. ದೊಡ್ಡವರು ಅದನ್ನು ಇಟ್ಟುಕೊಳ್ಳಬಹುದು.

ಉಪಸಂಹಾರ

ನಮ್ಮ ಶಾಲೆಯಲ್ಲಿ ಈಗ ತುಲಾ ಮಾಸದಲ್ಲಿಯೂ ಮೇಷ, ವೃಷಭ ಮಾಸಗಳಲ್ಲಿಯೂ ಒಂದು ಕ್ರಮವಿದೆ. ಕೆಲಸ ಮುಗಿಸಿ ಹೊರಡುವ ಮುನ್ನ ಅಧ್ಯಾಪಕರೊಬ್ಬರು ಎಲ್ಲ ಕೋಣೆಗಳಿಗೆ ಹೋಗಿ ಪ್ಲಗ್ಗುಗಳನ್ನು ಕಿತ್ತು, ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಮಕ್ಕಳಿಗೆ ಆ ಕೆಲಸವನ್ನು ಕೊಡುವುದಿಲ್ಲ. ಇದಕ್ಕೆ ಖರ್ಚು ಏನೂ ಇಲ್ಲ.

ವಿದ್ಯಾರ್ಥಿಗಳು ಮನೆಯಲ್ಲಿ ಹಿರಿಯರೊಡನೆ ಕೂಡಿ ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲಿ: ನಮ್ಮ ಮನೆಗೆ ಹೊರಗಿನಿಂದ ಎಷ್ಟು ತಂತಿಗಳು ಬರುತ್ತವೆ? ಭೂಸಂಪರ್ಕದ ಗುಂಡಿ ಎಲ್ಲಿದೆ? ಅದಕ್ಕೆ ಕಡೆಗೆ ನೀರು ಹಾಕಿದುದು ಯಾವಾಗ? ಆರ್.ಸಿ.ಸಿ.ಬಿ.ಯ ಪರೀಕ್ಷೆಯ ಗುಂಡಿಯನ್ನು ಯಾರಾದರೂ ಒತ್ತಿ ನೋಡಿದ್ದಾರೆಯೇ?

ಸುಟ್ಟ ಟಿ.ವಿ.ಯ ಬದಲಿಗೆ ನಾನು ಹೊಸದನ್ನು ಕೊಂಡೆ. ಅಮ್ಮ ಅಂದು ಗದರದಿದ್ದರೆ ಅದನ್ನು ಕೊಳ್ಳಲು ನಾನು ಇರುತ್ತಿದ್ದೆನೋ ಇಲ್ಲವೋ ತಿಳಿಯದು. ವಸ್ತುಗಳನ್ನು ಕಾಪಾಡುವ ವಿದ್ಯೆಯನ್ನು ಕಲಿಯೋಣ. ಆದರೆ ವಸ್ತುವಿಗಾಗಿ ಕೈ ಚಾಚುವ ಮುನ್ನ ಆಕಾಶವನ್ನು ನೋಡೋಣ. ಪ್ಲಗ್ಗುಗಳನ್ನು ಹೊತ್ತಿಗೆ ಮುಂಚೆಯೇ ಕಿತ್ತಿಟ್ಟು, ಗುಡುಗು ಬಂದಾಗ ಮಕ್ಕಳನ್ನು ಹತ್ತಿರ ಕುಳ್ಳಿರಿಸಿಕೊಂಡು ಅರ್ಜುನನ ಹೆಸರುಗಳನ್ನು ಹೇಳಿಸಿದರೆ ಹಳೆಯ ರಕ್ಷೆಯೂ ಹೊಸ ರಕ್ಷೆಯೂ ಒಟ್ಟಿಗೆ ಇದ್ದಂತಾಗುತ್ತದೆ.